ಅಪ್ಪನ ರಿಪೋರ್ಟ್‌ನಲ್ಲಿ ಎನ್‌ಎಲ್‌ಆರ್ 5.6 ಬಂದಿದೆ. ಹೊಟ್ಟೆ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಎಷ್ಟು ದಿನ ಅಂತ ಇದರಿಂದ ಹೇಳಬಹುದಾ?

ದಾವಣಗೆರೆ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ನಾಲ್ಕು ತಿಂಗಳಿಂದ ಊಟ ಸೇರುತ್ತಿರಲಿಲ್ಲ, ತಿಂದರೆ ವಾಂತಿ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿಕೊಂಡೇ ಇದ್ದರು. ಆಮೇಲೆ ಮಲ ಕಪ್ಪಗೆ ಹೋಗಲು ಶುರುವಾಯಿತು. ಎಂಡೋಸ್ಕೋಪಿ ಮಾಡಿಸಿದಾಗ ಜಠರದ ಕೆಳಭಾಗದಲ್ಲಿ ಗಡ್ಡೆ ಕಾಣಿಸಿತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಸಿಟಿ ಸ್ಕ್ಯಾನ್‌ನಲ್ಲಿ ಲಿವರ್‌ಗೆ ಹರಡಿಲ್ಲ ಅಂದಿದ್ದಾರೆ. ಮುಂದಿನ ವಾರ ಆಪರೇಷನ್.

ಮೊನ್ನೆ ಆಪರೇಷನ್‌ಗೆ ಮುಂಚಿನ ರಕ್ತ ಪರೀಕ್ಷೆ ಆಯಿತು. ಚಿಕ್ಕಪ್ಪನ ಮಗ ರಿಪೋರ್ಟ್ ತೆಗೆದುಕೊಂಡು ಮೊಬೈಲ್‌ನಲ್ಲಿ ಏನೋ ಲೆಕ್ಕ ಹಾಕಿದ. "ನ್ಯೂಟ್ರೋಫಿಲ್ 78, ಲಿಂಫೋಸೈಟ್ 14. ಎರಡೂ ಬಿಳಿ ರಕ್ತಕಣದ ಬಗೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಎನ್‌ಎಲ್‌ಆರ್, 5.6. ಮೂರು ದಾಟಿದರೆ ಆಪರೇಷನ್ ಮಾಡಿಸಿದರೂ ಜಾಸ್ತಿ ದಿನ ಇರಲ್ಲ ಅಂತ ಇದರಲ್ಲಿದೆ" ಅಂದುಬಿಟ್ಟ. ಅಪ್ಪ ಪಕ್ಕದ ರೂಮಿನಲ್ಲೇ ಇದ್ದರು. ಕೇಳಿಸಿಕೊಂಡಿದ್ದಾರೆ. ಆವತ್ತಿನಿಂದ ಮಾತೇ ಆಡುತ್ತಿಲ್ಲ. "ಆಪರೇಷನ್ ಬೇಡ ಬಿಡಮ್ಮ" ಅಂತ ನಿನ್ನೆ ರಾತ್ರಿ ಒಮ್ಮೆ ಅಂದರು, ಅಷ್ಟೇ.

ಬೇರೆ ನಂಬರ್: ಒಟ್ಟು ಬಿಳಿ ರಕ್ತಕಣ 9,800, ಹಿಮೋಗ್ಲೋಬಿನ್ 8.6, ಪ್ಲೇಟ್‌ಲೆಟ್ 4.1 ಲಕ್ಷ, ರಕ್ತದ ಪ್ರೋಟೀನ್ ಆಲ್ಬುಮಿನ್ 3.1. ತೂಕ 62 ಇದ್ದದ್ದು 53 ಆಗಿದೆ.

ನಿಜವಾಗಲೂ ರಕ್ತದ ಈ ನಂಬರ್ ನೋಡಿ ಆಯಸ್ಸು ಹೇಳಬಹುದಾ? ತಿಳಿದವರು ದಯವಿಟ್ಟು ಹೇಳಿ.

ಜಗಳೂರು ತಮ್ಮ:
ಅಕ್ಕ, ಮೊದಲು ಆ ಹುಡುಗನ ಕೈಯಿಂದ ರಿಪೋರ್ಟ್ ಕಿತ್ತುಕೊಳ್ಳಿ.

ಕೋಟೆ ಹುಡುಗ, ಚಿತ್ರದುರ್ಗ:
ಅವನು ಹೇಳಿದ ರೀತಿ ತಪ್ಪು, ಒಪ್ಪುತ್ತೇನೆ. ಆದರೆ ವಿಷಯ ಪೂರ್ತಿ ಸುಳ್ಳಲ್ಲ. ನಾನೂ ಓದಿದ್ದೇನೆ. ಎನ್‌ಎಲ್‌ಆರ್ ಜಾಸ್ತಿ ಇದ್ದವರು ಕಡಿಮೆ ಇದ್ದವರಿಗಿಂತ ಬೇಗ ಹೋಗುತ್ತಾರೆ ಅಂತ ಜಪಾನ್, ಚೀನಾ, ಕೊರಿಯಾದಿಂದ ತುಂಬಾ ಅಧ್ಯಯನ ಬಂದಿವೆ. ಪಿಎನ್‌ಐ ಅಂತ ದೇಹದ ಪೋಷಣೆ ನೋಡುವ ಇನ್ನೊಂದು ಲೆಕ್ಕ ಇದೆ. ಆಲ್ಬುಮಿನ್ ಗುಣಿಸು 10, ಅದಕ್ಕೆ ಲಿಂಫೋಸೈಟ್ ಗುಣಿಸು 0.005 ಕೂಡಿಸಬೇಕು. ನಿಮ್ಮ ಅಪ್ಪಂದು 31 ಬರುತ್ತೆ. 40ಕ್ಕಿಂತ ತುಂಬಾ ಕೆಳಗೆ. ಸುಮ್ನೆ ಧೈರ್ಯ ಹೇಳಿ ಏನು ಪ್ರಯೋಜನ?

ಹರಿಹರದ ಲ್ಯಾಬ್‌ನವ:
ಕೋಟೆ ಹುಡುಗ, ನಿಮ್ಮ ಲೆಕ್ಕವೇ ತಪ್ಪು. ನೀವು 14 ಅನ್ನು ನೇರವಾಗಿ ಹಾಕಿದ್ದೀರಿ. ಅದು ಪರ್ಸೆಂಟ್. 9,800ರಲ್ಲಿ ಶೇ. 14 ಅಂದರೆ 1,372 ಲಿಂಫೋಸೈಟ್. ಅದನ್ನು 0.005ರಿಂದ ಗುಣಿಸಿದರೆ 6.86. 31ಕ್ಕೆ ಕೂಡಿಸಿದರೆ 37.86. ಕಡಿಮೆಯೇ ಹೌದು, ಆದರೆ 31 ಅಲ್ಲ. ಒಂದು ಮನೆಯವರು ಅಳುತ್ತಾ ಕೂತಿರುವಾಗ ಇಂಥ ಅಂಕಿ ಬರೆಯುವ ಮುಂಚೆ ಎರಡು ಸಲ ನೋಡಬೇಕು.

ದಾವಣಗೆರೆಯ ಅಕ್ಕ, ನಾನು 17 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನದು ಒಂದೇ ಪ್ರಶ್ನೆ. ರಕ್ತ ಕೊಟ್ಟ ದಿನ ಅಪ್ಪನಿಗೆ ಜ್ವರ, ಕೆಮ್ಮು, ಉರಿಮೂತ್ರ, ಹಲ್ಲುನೋವು ಏನಾದರೂ ಇತ್ತಾ? ಸ್ಟೆರಾಯ್ಡ್ ಮಾತ್ರೆ, ಇಂಜೆಕ್ಷನ್ ಏನಾದರೂ ತೆಗೆದುಕೊಂಡಿದ್ದರಾ?

ದಾವಣಗೆರೆ ಮಗಳು:
ಅಣ್ಣ, ಹೌದು! ದವಡೆ ಹಲ್ಲು ಕೀವಾಗಿ ಕೆನ್ನೆ ಊದಿತ್ತು. ರಕ್ತ ಕೊಡುವ ಹಿಂದಿನ ದಿನವಷ್ಟೇ ಆಂಟಿಬಯಾಟಿಕ್ ಶುರು ಮಾಡಿದ್ದರು. ಊತಕ್ಕೆ ಅಂತ ಒಂದು ಇಂಜೆಕ್ಷನ್ನೂ ಕೊಟ್ಟಿದ್ದರು. ಚೀಟಿ ನೋಡಿದೆ, ಡೆಕ್ಸಾಮೆಥಾಸೋನ್ ಅಂತ ಇದೆ.

ಹರಿಹರದ ಲ್ಯಾಬ್‌ನವ:
ಅದು ಸ್ಟೆರಾಯ್ಡ್. ನ್ಯೂಟ್ರೋಫಿಲ್ ಏರಿಸುತ್ತೆ, ಲಿಂಫೋಸೈಟ್ ಇಳಿಸುತ್ತೆ. ಕೀವೂ ಅದೇ ಕೆಲಸ ಮಾಡುತ್ತೆ. ಎರಡೂ ಸೇರಿದ ದಿನ ಯಾರ ರಕ್ತ ತೆಗೆದರೂ ಎನ್‌ಎಲ್‌ಆರ್ ಮೇಲೆ ಹೋಗುತ್ತೆ. ನನ್ನದೂ ಹೋಗುತ್ತೆ, ನಿಮ್ಮದೂ ಹೋಗುತ್ತೆ. ಆ 5.6ರಲ್ಲಿ ಹಲ್ಲಿನ ಪಾಲು ಎಷ್ಟು, ಗಡ್ಡೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಯಾರಿಗೂ ಆಗಲ್ಲ. ಹಲ್ಲಿನ ವಿಷಯ, ಆ ಇಂಜೆಕ್ಷನ್ ವಿಷಯ ನಿಮ್ಮ ಸರ್ಜನ್‌ಗೆ ಗೊತ್ತಾ? ಇಲ್ಲದಿದ್ದರೆ ಇವತ್ತೇ ಹೇಳಿ. ಆಪರೇಷನ್‌ಗೂ ಅದು ಮುಖ್ಯ.

ಕೋಟೆ ಹುಡುಗ, ಚಿತ್ರದುರ್ಗ:
ಪರ್ಸೆಂಟ್ ವಿಷಯದಲ್ಲಿ ನನ್ನದು ತಪ್ಪಾಯಿತು. ಕ್ಷಮಿಸಿ ಅಕ್ಕ. ಆದರೆ ಈ ಲೆಕ್ಕಗಳಿಗೆ ಅರ್ಥವೇ ಇಲ್ಲ ಅಂತ ಯಾರಾದರೂ ಹೇಳಿದರೆ ಅದನ್ನು ಒಪ್ಪಲ್ಲ. ಅರ್ಥ ಇಲ್ಲದೆ ಅಷ್ಟು ಜನ ಡಾಕ್ಟರು ಯಾಕೆ ಬರೆಯುತ್ತಾರೆ?

ಸರ್ಜರಿ ಪಿಜಿ:
ಅರ್ಥ ಇದೆ. ಏನು ಅರ್ಥ ಅನ್ನುವುದೇ ಪ್ರಶ್ನೆ. ನಾನು ಸರ್ಜರಿ ಓದುತ್ತಿರುವವನು. ನಿಮ್ಮ ಅಪ್ಪನನ್ನು ನೋಡಿಲ್ಲ, ಹಾಗಾಗಿ ಅವರ ಬಗ್ಗೆ ತೀರ್ಪು ಕೊಡಲ್ಲ. ಈ ಅಂಕಿಗಳು ಎಲ್ಲಿಂದ ಬಂದವು ಅಂತ ಹೇಳಬಲ್ಲೆ.

ಗಡ್ಡೆ ಬರೀ ಗಡ್ಡೆಯಾಗಿ ಸುಮ್ಮನೆ ಕೂತಿರಲ್ಲ. ಸುತ್ತ ಉರಿಯೂತ ಎಬ್ಬಿಸುತ್ತೆ. ಆಗ ನ್ಯೂಟ್ರೋಫಿಲ್ ಜಾಸ್ತಿಯಾಗುತ್ತವೆ. ಅವು ಬಿಡುವ ಕೆಲವು ವಸ್ತುಗಳು ಗಡ್ಡೆಗೆ ಹೊಸ ರಕ್ತನಾಳ ಬೆಳೆಯಲು ನೆರವಾಗುತ್ತವೆ. ಪ್ಲೇಟ್‌ಲೆಟ್‌ಗಳು ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕಣಗಳಿಗೆ ಅಂಟಿಕೊಂಡು ಮರೆ ಕೊಡುತ್ತವೆ. ಲಿಂಫೋಸೈಟ್‌ಗಳು ಕ್ಯಾನ್ಸರ್ ಕಣಗಳನ್ನು ಗುರುತಿಸಿ ಕೊಲ್ಲುವ ಕಡೆಯವು. ಅದಕ್ಕೇ ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ ಇಟ್ಟು ಭಾಗಿಸುತ್ತಾರೆ. ಪ್ಲೇಟ್‌ಲೆಟ್ ಇಟ್ಟು ಭಾಗಿಸಿದರೆ ಪಿಎಲ್‌ಆರ್.

ಆಲ್ಬುಮಿನ್ ಕಥೆಯೂ ಹಾಗೆಯೇ. ಊಟ ಕಡಿಮೆಯಾದದ್ದಕ್ಕೆ ಮಾತ್ರ ಇಳಿಯುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉರಿಯೂತ ಇದ್ದಾಗ ಲಿವರ್ ಸಿಆರ್‌ಪಿ ಅನ್ನುವ ಉರಿಯೂತದ ಪ್ರೋಟೀನ್ ಮಾಡುವುದರಲ್ಲಿ ತೊಡಗಿ ಆಲ್ಬುಮಿನ್ ಕಡಿಮೆ ಮಾಡುತ್ತೆ. ಅದಕ್ಕೇ ಗ್ಲಾಸ್ಗೋ ಸ್ಕೋರ್‌ನಲ್ಲಿ ಇವೆರಡನ್ನೂ ಜೋಡಿಸಿದ್ದಾರೆ. ಸಿಆರ್‌ಪಿ ಲೀಟರ್‌ಗೆ 10 ಮಿಲಿಗ್ರಾಂ ದಾಟಿ, ಆಲ್ಬುಮಿನ್ 3.5ಕ್ಕಿಂತ ಕೆಳಗಿದ್ದರೆ 2 ಅಂಕ. ಇದರಲ್ಲಿ ಅಂಕ ಜಾಸ್ತಿಯಾದಷ್ಟೂ ಕೆಟ್ಟದ್ದು.

ಇನ್ನು ಪಿಎನ್‌ಐ. ಜಪಾನಿನ ಒನೊಡೆರ ಮತ್ತು ಜೊತೆಯವರು 1984ರಲ್ಲಿ ಅದನ್ನು ಬಳಕೆಗೆ ತಂದದ್ದು ಆಯಸ್ಸು ಹೇಳಲು ಅಲ್ಲ. ಕರುಳು ಕತ್ತರಿಸಿ ಹೊಲಿದರೆ ಆ ಹೊಲಿಗೆ ಕೂಡಿಕೊಳ್ಳುತ್ತಾ, ರೋಗಿ ಆಪರೇಷನ್ ತಡೆದುಕೊಳ್ಳುತ್ತಾರಾ ಅಂತ ತಿಳಿಯಲು. 45ರ ಮೇಲೆ ಇದ್ದರೆ ಧೈರ್ಯವಾಗಿ ಮಾಡಬಹುದು, 40ಕ್ಕಿಂತ ಕೆಳಗಿದ್ದರೆ ಈಗ ಕೈ ಹಾಕಬೇಡಿ ಅಂತ ಅವರ ಮಾತು. ಆಯಸ್ಸಿಗೆ ಜೋಡಿಸಿದ್ದು ಆಮೇಲೆ ಬಂದವರು.

ಬೆಣ್ಣೆದೋಸೆ ಪ್ರಿಯ:
ಇಷ್ಟು ಸ್ಪಷ್ಟವಾಗಿ ನಮ್ಮ ಕಡೆ ಯಾವ ಡಾಕ್ಟರೂ ಹೇಳಿರಲಿಲ್ಲ. ಥ್ಯಾಂಕ್ಸ್ ಸರ್.

ಹರಿಹರದ ಲ್ಯಾಬ್‌ನವ:
ಪಿಜಿ ಸರ್ ಮಾತಿಗೆ ಒಂದು ಸೇರಿಸುತ್ತೇನೆ. ಸಿಆರ್‌ಪಿಯನ್ನು ಕೆಲವು ಲ್ಯಾಬ್ ಲೀಟರ್ ಲೆಕ್ಕದಲ್ಲಿ, ಕೆಲವು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ. ಹತ್ತು ಪಟ್ಟು ವ್ಯತ್ಯಾಸ. ಯೂನಿಟ್ ನೋಡದೆ ಯಾರೂ ಹೆದರಬೇಡಿ, ಖುಷಿಯೂ ಪಡಬೇಡಿ.

ಲೆಕ್ಕದ ಮೇಷ್ಟ್ರು:
ಭರಮಸಾಗರದ ಹತ್ತಿರದವನು, ನಿವೃತ್ತ ಗಣಿತ ಮೇಷ್ಟ್ರು. ವೈದ್ಯ ನನಗೆ ಗೊತ್ತಿಲ್ಲ. ಅಂಕಿ ಗೊತ್ತು. ತಾಯಿ, ನಿನಗೆ ಒಂದು ಮಾತು ಹೇಳುತ್ತೇನೆ ಕೇಳು.

ಎರಡು ಹೊಲದಲ್ಲಿ ಮೆಕ್ಕೆಜೋಳ ಹಾಕಿದ್ದಾರೆ ಅಂದುಕೋ. ಒಂದು ಹೊಲದ ಇಳುವರಿ ಸರಾಸರಿ ಕಡಿಮೆ. ಹಾಗಂತ ಆ ಹೊಲದ ಪ್ರತಿ ತೆನೆಯೂ ಸಣ್ಣದಾ? ಅಲ್ಲಿಯೂ ಮೊಣಕೈ ಉದ್ದದ ತೆನೆ ಇರುತ್ತೆ, ಒಳ್ಳೆ ಹೊಲದಲ್ಲೂ ಜೊಳ್ಳು ತೆನೆ ಇರುತ್ತೆ. ಆ ಅಧ್ಯಯನಗಳು ಹೊಲದ ಬಗ್ಗೆ ಹೇಳುತ್ತವೆ. ನಿಮ್ಮ ತಂದೆ ಒಂದು ತೆನೆ.

ಇನ್ನೊಂದು. ಮೂರು ದಾಟಿದರೆ ಕಷ್ಟ ಅನ್ನುವ ಗೆರೆ ಯಾರು ಎಳೆದದ್ದು? ಹೆಚ್ಚಿನ ಕಡೆ ಹಳೆಯ ಫೈಲ್ ತೆಗೆದು, ಯಾರು ಬದುಕಿದರು, ಯಾರು ಇಲ್ಲ ಅಂತ ಮೊದಲೇ ತಿಳಿದುಕೊಂಡು, ಎಲ್ಲಿ ಗೆರೆ ಎಳೆದರೆ ಎರಡು ಗುಂಪು ಚೆನ್ನಾಗಿ ಬೇರೆಯಾಗುತ್ತವೆ ಅಂತ ನೋಡಿ ಎಳೆಯುತ್ತಾರೆ. ಬೆಳೆ ಕೊಯ್ದ ಮೇಲೆ ಬದು ಹಾಕಿದ ಹಾಗೆ. ಅದಕ್ಕೇ ಒಬ್ಬರ ಗೆರೆ 2ರಲ್ಲಿ, ಇನ್ನೊಬ್ಬರದು 3ರಲ್ಲಿ, ಮತ್ತೊಬ್ಬರದು 5ರಲ್ಲಿ. ಬೇರೆ ಊರಿನ ಹೊಸ ರೋಗಿಗಳ ಮೇಲೆ ಇಟ್ಟರೆ ಅದೇ ಗೆರೆ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ.

ಕೋಟೆ ಹುಡುಗ, ಚಿತ್ರದುರ್ಗ:
ಮೇಷ್ಟ್ರೇ, ಹಾಗಾದರೆ ಎಲ್ಲಾ ಅಂಕಿಯೂ ಹೊಲದ ಬಗ್ಗೆಯೇ. ಸ್ಟೇಜ್ ಕೂಡ ಹಾಗೆಯೇ ಅಲ್ವಾ? ಅದನ್ನು ಯಾಕೆ ನಂಬುತ್ತೀರಿ?

ಲೆಕ್ಕದ ಮೇಷ್ಟ್ರು:
ಒಳ್ಳೆ ಪ್ರಶ್ನೆ ತಮ್ಮ. ಸ್ಟೇಜ್ ಕೂಡ ಗುಂಪಿನ ಮಾತೇ. ಆದರೆ ಅದು ಹಲ್ಲುನೋವು ಬಂದರೆ ಬದಲಾಗಲ್ಲ.

ಸರ್ಜರಿ ಪಿಜಿ:
ಮೇಷ್ಟ್ರು ಹೇಳಿದ್ದು ಸರಿ. ಕ್ಯಾನ್ಸರ್ ಜಠರದ ಗೋಡೆಯಲ್ಲಿ ಎಷ್ಟು ಆಳಕ್ಕೆ ಹೋಗಿದೆ, ಎಷ್ಟು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದೆ, ದೂರ ಹೋಗಿದೆಯಾ, ಈ ಮೂರೇ ಇವತ್ತಿಗೂ ಮೊದಲ ಮಾತು. ಗೋಡೆಯ ಆಳ ಮತ್ತು ಗ್ರಂಥಿಗಳ ಲೆಕ್ಕ ಆಪರೇಷನ್ ಮಾಡಿ ತೆಗೆದ ತುಂಡನ್ನು ಪರೀಕ್ಷಿಸಿದ ಮೇಲೇ ಸರಿಯಾಗಿ ಗೊತ್ತಾಗೋದು. ಕಡಿಮೆಯೆಂದರೂ 16 ಗ್ರಂಥಿ ತೆಗೆದು ನೋಡಬೇಕು ಅಂತ ನಿಯಮ. ಅಕ್ಕ, ಆಪರೇಷನ್ ಆದ ಮೇಲೆ ರಿಪೋರ್ಟ್‌ನಲ್ಲಿ "ಎಷ್ಟು ಗ್ರಂಥಿ ನೋಡಿದರು, ಎಷ್ಟರಲ್ಲಿ ಇತ್ತು" ಅನ್ನುವ ಸಾಲು ಹುಡುಕಿ. 5.6ಕ್ಕಿಂತ ನೂರು ಪಾಲು ಮುಖ್ಯ ಅದು.

ಸಿಇಎ ಅಂತ ಟ್ಯೂಮರ್ ಮಾರ್ಕರ್ ಬಗ್ಗೆಯೂ ಯಾರಾದರೂ ಕೇಳುತ್ತಾರೆ, ಈಗಲೇ ಹೇಳಿಬಿಡುತ್ತೇನೆ. ಹೊಟ್ಟೆ ಕ್ಯಾನ್ಸರ್ ಇದ್ದ ತುಂಬಾ ಜನರಲ್ಲಿ ಅದು ನಾರ್ಮಲ್ ಇರುತ್ತೆ. ನಾರ್ಮಲ್ ಅಂತ ಬಂದರೆ ಕ್ಯಾನ್ಸರ್ ಇಲ್ಲ ಅಂತ ಅರ್ಥ ಅಲ್ಲ.

ಚನ್ನಗಿರಿ ಅಡಿಕೆ ತೋಟ:
ನನ್ನ ಭಾವನಿಗೆ ಮೊದಲು ನಾಲ್ಕು ಸಲ ಕೀಮೋ ಕೊಟ್ಟು, ಆಪರೇಷನ್ ಮಾಡಿ, ಮತ್ತೆ ನಾಲ್ಕು ಸಲ ಕೊಟ್ಟರು. ಇವರಿಗೆ ಯಾಕೆ ನೇರ ಆಪರೇಷನ್?

ದಾವಣಗೆರೆ ಮಗಳು:
ನಾವೂ ಕೇಳಿದೆವು ಅಣ್ಣ. ಗಡ್ಡೆಯಿಂದ ರಕ್ತ ಹೋಗುತ್ತಿದೆ, ದಾರಿಯೂ ಕಟ್ಟಿಕೊಳ್ಳುತ್ತಿದೆ, ಅದಕ್ಕೇ ಮೊದಲು ತೆಗೆಯುತ್ತೇವೆ, ಆಮೇಲೆ ಕೀಮೋ ಅಂದರು.

ಸರ್ಜರಿ ಪಿಜಿ:
ಅದು ಸರಿಯಾದ ಕಾರಣವೇ. ಚನ್ನಗಿರಿಯವರು ಹೇಳಿದ ಕೀಮೋ ಕ್ರಮಕ್ಕೆ ಫ್ಲಾಟ್ (FLOT) ಅಂತಾರೆ. ಜರ್ಮನಿಯ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಹಳೆಯ ಕೀಮೋ ಗುಂಪಿನಲ್ಲಿ ಬದುಕಿದ ಮಧ್ಯಮ ಅವಧಿ 35 ತಿಂಗಳು, ಫ್ಲಾಟ್ ಗುಂಪಿನಲ್ಲಿ 50. ಇದನ್ನು ಓದಿ "50 ತಿಂಗಳು ಅಷ್ಟೇ" ಅಂತ ಯಾರೂ ಅಂದುಕೊಳ್ಳಬೇಡಿ. ಅರ್ಧ ಜನ ಅದಕ್ಕಿಂತ ಜಾಸ್ತಿ ಬದುಕಿದರು ಅಂತ ಅರ್ಥ.

ಹಳೇ ಪೇಟೆ ಮಂದಿ:
ಅಮೃತಬಳ್ಳಿ ಕಷಾಯ ದಿನಾ ಎರಡು ಹೊತ್ತು ಕೊಡಿ. ಬಿಳಿ ರಕ್ತಕಣ ತಾನಾಗೇ ಸರಿ ಹೋಗುತ್ತೆ. ನಮ್ಮ ಮನೆಯಲ್ಲಿ ನೋಡಿದ್ದೇವೆ.

ಹೊಳಲ್ಕೆರೆ ಅಕ್ಕ:
ದಯವಿಟ್ಟು ಬೇಡ. ಅಮೃತಬಳ್ಳಿಯಿಂದ ಕೆಲವರಿಗೆ ಲಿವರ್ ಕೆಟ್ಟದ್ದು ವರದಿಯಾಗಿದೆ. ಆಪರೇಷನ್ ಹತ್ತಿರ ಇರುವವರಿಗೆ ಡಾಕ್ಟರಿಗೆ ತಿಳಿಸದೆ ಏನೂ ಕೊಡಬಾರದು. ನಂಬರ್ ಸರಿ ಮಾಡುವುದು ನಮ್ಮ ಗುರಿ ಅಲ್ಲ, ಮನುಷ್ಯನನ್ನು ಗಟ್ಟಿ ಮಾಡುವುದು.

ತಂಗಿ, ನನ್ನ ಯಜಮಾನರಿಗೆ ಇದೇ ಕಾಯಿಲೆ. ಪೂರ್ತಿ ಜಠರ ತೆಗೆದು ಆರು ವರ್ಷ ಆಯಿತು. ಅವರ ಆಲ್ಬುಮಿನ್ ಆಗ 2.9 ಇತ್ತು. ಎನ್‌ಎಲ್‌ಆರ್ ಎಷ್ಟಿತ್ತು ಅಂತ ನಮಗೆ ಇವತ್ತಿಗೂ ಗೊತ್ತಿಲ್ಲ, ಯಾರೂ ಲೆಕ್ಕ ಹಾಕಲಿಲ್ಲ. ನಮ್ಮ ಸರ್ಜನ್ ತಾರೀಖು ಕೊಟ್ಟಿದ್ದರೂ ಮುಂದಕ್ಕೆ ಹಾಕಿದರು. ಮೂಗಿನಿಂದ ಸಣ್ಣ ನಳಿಕೆ ಹಾಕಿ ಗಡ್ಡೆ ದಾಟಿಸಿ ಎರಡು ವಾರ ಆಹಾರ ಕೊಟ್ಟರು. ನಾನು ಆಗ ಜಗಳ ಆಡಿದ್ದೆ, ಕ್ಯಾನ್ಸರ್ ಇಟ್ಟುಕೊಂಡು ಯಾಕೆ ಕಾಯಿಸುತ್ತೀರಿ ಅಂತ. ಅವರು ಸಮಾಧಾನವಾಗಿ ಹೇಳಿದರು, "ಹಸಿ ಮಣ್ಣಿನ ಗೋಡೆಗೆ ಮೊಳೆ ಹೊಡೆಯೋಕಾಗಲ್ಲ ತಾಯಿ" ಅಂತ.

ನಿಮ್ಮ ಅಪ್ಪ 9 ಕೆಜಿ ಇಳಿದಿದ್ದಾರೆ. ಅದನ್ನು ಕೇಳಿ ಡಾಕ್ಟರನ್ನು. "ಆಪರೇಷನ್‌ಗೆ ಮುಂಚೆ ಪೋಷಣೆ ಕೊಡಬೇಕಾ?" ಅಂತ ಬಾಯಿ ಬಿಟ್ಟು ಕೇಳಿ.

ಡಯಟ್ ಅಕ್ಕ:
ಹೊಳಲ್ಕೆರೆ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಆರು ತಿಂಗಳಲ್ಲಿ ಶೇ. 10ರಿಂದ 15ಕ್ಕಿಂತ ಜಾಸ್ತಿ ತೂಕ ಇಳಿದವರನ್ನು, ಆಲ್ಬುಮಿನ್ 3ಕ್ಕಿಂತ ಕೆಳಗಿರುವವರನ್ನು ತೀವ್ರ ಅಪಾಯದ ಗುಂಪಿಗೆ ಸೇರಿಸುತ್ತಾರೆ. ಅಂಥವರಿಗೆ 7ರಿಂದ 14 ದಿನ ಪೋಷಣೆ ಕೊಟ್ಟು ಆಮೇಲೆ ಆಪರೇಷನ್ ಮಾಡಿ, ಕ್ಯಾನ್ಸರ್ ಆದರೂ ಸರಿ, ಅಂತ ಯುರೋಪಿನ ಮಾರ್ಗಸೂಚಿಯಲ್ಲೇ ಇದೆ. 62ರಿಂದ 53 ಅಂದರೆ ಶೇ. 14.5.

53 ಕೆಜಿ ಮನುಷ್ಯನಿಗೆ ದಿನಕ್ಕೆ 65ರಿಂದ 80 ಗ್ರಾಂ ಪ್ರೋಟೀನ್ ಬೇಕು. ಬರೀ ಗಂಜಿ, ಅನ್ನ-ಸಾರಿನಲ್ಲಿ ಇದರ ಅರ್ಧವೂ ಬರಲ್ಲ. ಮೊಟ್ಟೆ ತಿನ್ನುತ್ತಾರಾ?

ದಾವಣಗೆರೆ ಮಗಳು:
ಇಲ್ಲ ಅಕ್ಕ, ಮನೆಯಲ್ಲಿ ಮೊಟ್ಟೆ ಸೇರಿಸಲ್ಲ. ಈಗ ನೀರಾಗಿ ಇರುವುದು ಮಾತ್ರ ಒಳಗೆ ಹೋಗುತ್ತೆ.

ಡಯಟ್ ಅಕ್ಕ:
ಪರವಾಗಿಲ್ಲ. ಒಂದು ಲೋಟ ಹಾಲಿನಲ್ಲಿ ಸುಮಾರು 8 ಗ್ರಾಂ ಇರುತ್ತೆ. ಅದಕ್ಕೇ ಹಾಲಿನ ಪುಡಿ ಎರಡು ಚಮಚ ಕಲಸಿದರೆ ಇನ್ನೂ ಜಾಸ್ತಿ. ಹೆಸರುಬೇಳೆ ಬೇಯಿಸಿ ಮಿಕ್ಸಿಗೆ ಹಾಕಿ ಸೋಸಿ. ಮೊಸರು ಕಡೆದು ಕೊಡಿ. ಡಾಕ್ಟರ್ ಒಪ್ಪಿದರೆ ಪ್ರೋಟೀನ್ ಪುಡಿ. ಒಂದೇ ಸಲ ಲೋಟಗಟ್ಟಲೆ ಬೇಡ. ಗಂಟೆಗೊಮ್ಮೆ ಅರ್ಧ ಲೋಟ. ವಾಂತಿ ಆಗುತ್ತಲೇ ಇದ್ದರೆ ಬಾಯಿಂದ ಕೊಟ್ಟು ಕಾಲ ಕಳೆಯಬೇಡಿ, ನಳಿಕೆ ಬಗ್ಗೆ ಕೇಳಿ.

ಜಗಳೂರು ತಮ್ಮ:
ಹಿಮೋಗ್ಲೋಬಿನ್ 8.6 ಅಲ್ವಾ. ಎರಡು ಬಾಟಲಿ ರಕ್ತ ಹಾಕಿಸಿಬಿಡಿ. ನಾನೇ ಬಂದು ಕೊಡುತ್ತೇನೆ, ಬಿ ಪಾಸಿಟಿವ್.

ಸರ್ಜರಿ ಪಿಜಿ:
ನಿಮ್ಮ ಮನಸ್ಸು ದೊಡ್ಡದು. ಆದರೆ ಬೇಕಾದಾಗ ಮಾತ್ರ ರಕ್ತ ಹಾಕಬೇಕು. ಸಮಯ ಇದ್ದರೆ ಕಬ್ಬಿಣಾಂಶದ ಇಂಜೆಕ್ಷನ್ ನರಕ್ಕೆ ಕೊಟ್ಟು ಏರಿಸಬಹುದು. ಯಾವುದು ಅನ್ನುವುದು ಅವರ ಡಾಕ್ಟರ್ ನಿರ್ಧಾರ.

ಚಳ್ಳಕೆರೆ ಶೇಂಗಾ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಖರ್ಚು ಹೇಗೆ ಮಾಡುತ್ತಿದ್ದೀರಿ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇ. 30 ಸರ್ಕಾರ ಕೊಡುತ್ತೆ, ವರ್ಷಕ್ಕೆ 1.5 ಲಕ್ಷ ಮಿತಿ. ಜಿಲ್ಲಾಸ್ಪತ್ರೆಯಿಂದ ರೆಫರಲ್ ಚೀಟಿ ಮೊದಲೇ ಮಾಡಿಸಿಕೊಳ್ಳಿ. ನಮ್ಮ ಮಾವನ ವಿಷಯದಲ್ಲಿ ಒಂದು ಕಡೆ ಚೀಟಿ ಇಲ್ಲ ಅಂತ ಮೂರು ದಿನ ಓಡಾಡಿಸಿದರು. ಆ ಮೂರು ದಿನ ನೆನೆಸಿಕೊಂಡರೆ ಇವತ್ತಿಗೂ ಸಿಟ್ಟು ಬರುತ್ತೆ.

ಚನ್ನಗಿರಿ ಅಡಿಕೆ ತೋಟ:
ನಾವು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿದ್ದೆವು. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ದಾವಣಗೆರೆಯಿಂದ ಈಗ ವಂದೇ ಭಾರತ್ ಕೂಡ ಇದೆ, ರೋಗಿಯನ್ನು ಕರೆದುಕೊಂಡು ಹೋಗಲು ಬಸ್ಸಿಗಿಂತ ಎಷ್ಟೋ ಆರಾಮ.

ಬೆಣ್ಣೆದೋಸೆ ಪ್ರಿಯ:
ಹೊಳಲ್ಕೆರೆ ಅಕ್ಕ, ಪೂರ್ತಿ ಜಠರ ಇಲ್ಲದೆ ಯಜಮಾನರು ಏನು ತಿನ್ನುತ್ತಾರೆ? ದೋಸೆ ತಿನ್ನಬಹುದಾ? ನಮ್ಮ ದೊಡ್ಡಪ್ಪನಿಗೂ ಮುಂದಿನ ತಿಂಗಳು ಇದೇ ಆಪರೇಷನ್. ಅವರ ಮೊದಲ ಪ್ರಶ್ನೆಯೇ ಅದು.

ಹೊಳಲ್ಕೆರೆ ಅಕ್ಕ:
ತಿನ್ನುತ್ತಾರೆ! ಆರು ತಿಂಗಳು ಕಳೆದ ಮೇಲೆ ಕಾಲು ದೋಸೆಯಿಂದ ಶುರು. ಈಗ ಒಂದು ಬೆಣ್ಣೆ ದೋಸೆಯನ್ನು ನಿಧಾನಕ್ಕೆ ಅಗಿದು ಮುಗಿಸುತ್ತಾರೆ. ದಿನಕ್ಕೆ ಆರು ಸಲ ಸ್ವಲ್ಪ ಸ್ವಲ್ಪ ಊಟ. ಊಟದ ಜೊತೆ ನೀರು ಕುಡಿಯಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯುತ್ತಾರೆ. ಸಿಹಿ ಜಾಸ್ತಿ ತಿಂದರೆ ಎದೆ ಹೊಡೆದುಕೊಂಡು ಬೆವರು ಬರುತ್ತೆ, ಡಂಪಿಂಗ್ ಅಂತಾರೆ. ಬಿ12 ಇಂಜೆಕ್ಷನ್ ಮಾತ್ರ ಜೀವನ ಪೂರ್ತಿ ಬಿಡುವ ಹಾಗಿಲ್ಲ.

ಸರ್ಜರಿ ಪಿಜಿ:
ಇನ್ನೊಂದು ವಿಷಯ ಮನೆಯವರಿಗೆಲ್ಲ. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ ಹೊಟ್ಟೆ ಕ್ಯಾನ್ಸರ್‌ಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ತಂದೆ-ತಾಯಿಗೆ ಈ ಕ್ಯಾನ್ಸರ್ ಬಂದಿದ್ದರೆ ಮಕ್ಕಳು, ಒಡಹುಟ್ಟಿದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ. ಉಸಿರಿನ ಪರೀಕ್ಷೆ ಅಥವಾ ಮಲದ ಪರೀಕ್ಷೆ. ಗ್ಯಾಸ್ಟ್ರಿಕ್ ಮಾತ್ರೆ ತಿನ್ನುತ್ತಿದ್ದರೆ ಎರಡು ವಾರ ನಿಲ್ಲಿಸಿ ಮಾಡಿಸಬೇಕು, ಇಲ್ಲದಿದ್ದರೆ ಇದ್ದರೂ ಇಲ್ಲ ಅಂತ ಬರುತ್ತೆ.

ಲೆಕ್ಕದ ಮೇಷ್ಟ್ರು:
ತಾಯಿ, ಅಪ್ಪನ ಹತ್ತಿರ ಕೂತು ಹಲ್ಲಿನ ವಿಷಯ ಹೇಳಿದೆಯಾ? ಅವರಿಗೆ ಗೊತ್ತಾಗಬೇಕು. ಮುಚ್ಚಿಟ್ಟರೆ ಆ ಹುಡುಗ ಹೇಳಿದ್ದೇ ತಲೆಯಲ್ಲಿ ಉಳಿಯುತ್ತೆ.

ದಾವಣಗೆರೆ ಮಗಳು:
(ಮೂರೂವರೆ ವಾರದ ನಂತರ)
ತಡವಾಗಿದ್ದಕ್ಕೆ ಕ್ಷಮಿಸಿ. ಎಲ್ಲ ಒಂದೊಂದಾಗಿ ಹೇಳುತ್ತೇನೆ.

ಸರ್ಜನ್‌ಗೆ ಹಲ್ಲಿನ ವಿಷಯ ಗೊತ್ತೇ ಇರಲಿಲ್ಲ. ಕೇಳಿದ ತಕ್ಷಣ ತಾರೀಖು ಮುಂದಕ್ಕೆ ಹಾಕಿದರು. ಹಲ್ಲು ಕೀಳಿಸಿದೆವು. ಪೋಷಣೆ ಬಗ್ಗೆ ಹೊಳಲ್ಕೆರೆ ಅಕ್ಕ ಹೇಳಿಕೊಟ್ಟ ಹಾಗೇ ಕೇಳಿದೆ. "ನಾನೇ ಹೇಳಬೇಕು ಅಂತಿದ್ದೆ" ಅಂದು ನಳಿಕೆ ಹಾಕಿಸಿದರು. ಕಬ್ಬಿಣಾಂಶದ ಇಂಜೆಕ್ಷನ್ ಎರಡು ಸಲ ಆಯಿತು. ಬೀಡಿ ಪೂರ್ತಿ ಬಿಟ್ಟರು. ಮೂರು ಚೆಂಡಿನ ಉಸಿರಾಟದ ಸಾಮಾನು ಕೊಟ್ಟಿದ್ದರು, ಮೊದಲ ದಿನ ಒಂದು ಚೆಂಡು ಏಳುತ್ತಿತ್ತು, ಆಮೇಲೆ ಎರಡು.

ಆಪರೇಷನ್‌ಗೆ ಮುಂಚೆ ಮತ್ತೆ ರಕ್ತ ತೆಗೆದರು. ಬಿಳಿ ರಕ್ತಕಣ 7,400, ನ್ಯೂಟ್ರೋಫಿಲ್ 65, ಲಿಂಫೋಸೈಟ್ 25, ಆಲ್ಬುಮಿನ್ 3.4, ಹಿಮೋಗ್ಲೋಬಿನ್ 9.9.

ಹರಿಹರದ ಲ್ಯಾಬ್‌ನವ:
ಎನ್‌ಎಲ್‌ಆರ್ 2.6. ಪಿಎನ್‌ಐ 43.25. ಅದೇ ಮನುಷ್ಯ, ಅದೇ ಗಡ್ಡೆ!

ಕೋಟೆ ಹುಡುಗ, ಚಿತ್ರದುರ್ಗ:
ಖುಷಿಯಾಯಿತು ಅಕ್ಕ. ನಾನು ಆವತ್ತು ಆತುರಪಟ್ಟೆ.

ಲೆಕ್ಕದ ಮೇಷ್ಟ್ರು:
ಖುಷಿಪಡೋಣ. ಆದರೆ 2.6 ಬಂದಿದೆ ಅಂತ ಗೆದ್ದೆವು ಅನ್ನುವುದೂ ಬೇಡ. 5.6 ಹೇಗೆ ಶಾಪ ಅಲ್ಲವೋ, ಇದು ಹಾಗೆ ವರ ಅಲ್ಲ. ದೇಹ ಗಟ್ಟಿಯಾಯಿತಲ್ಲ, ಅದು ನಿಜವಾದ ಲಾಭ.

ದಾವಣಗೆರೆ ಮಗಳು:
ಹೌದು ಸರ್. ನಾನು ಅಪ್ಪನಿಗೆ ನಂಬರ್ ಹೇಳಲೇ ಇಲ್ಲ. ಮೆಕ್ಕೆಜೋಳದ ಮಾತು ಹೇಳಿದೆ. ಅಪ್ಪ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ಬದುವಿನ ಪಕ್ಕದ ತೆನೆ ಯಾವಾಗಲೂ ದಪ್ಪ ಇರ್ತಾವೆ" ಅಂದರು. ಮಾರನೇ ದಿನ ಸಹಿ ಹಾಕಿದರು.

ಆಪರೇಷನ್ ಆಗಿ ಇವತ್ತಿಗೆ ಐದು ದಿನ. ಮುಕ್ಕಾಲು ಜಠರ ತೆಗೆದಿದ್ದಾರೆ. ನಿನ್ನೆ ವಾರ್ಡಿನ ಕೊನೆಯವರೆಗೂ ನಡೆದರು. ಇವತ್ತು ಬಾಯಿಂದ ನಾಲ್ಕು ಚಮಚ ಬೇಳೆಕಟ್ಟು ಕುಡಿದರು. ಗ್ರಂಥಿಗಳ ರಿಪೋರ್ಟ್ ಇನ್ನೂ ಬಂದಿಲ್ಲ. ಎಷ್ಟು ನೋಡಿದರು, ಎಷ್ಟರಲ್ಲಿ ಇತ್ತು, ಎರಡೂ ಕೇಳಿ ಇಲ್ಲೇ ಹಾಕುತ್ತೇನೆ. ಚಿಕ್ಕಪ್ಪನ ಮಗನೇ ರಾತ್ರಿ ಆಸ್ಪತ್ರೆಯಲ್ಲಿ ಮಲಗುತ್ತಿದ್ದಾನೆ. ರಾಗಿ ಗಂಜಿ ಯಾವಾಗಿಂದ ಕೊಡಬಹುದು?

ಹೊಳಲ್ಕೆರೆ ಅಕ್ಕ:
ಡಾಕ್ಟರ್ ಹೂಂ ಅಂದ ದಿನದಿಂದ. ತೆಳ್ಳಗೆ ಮಾಡಿ, ಸೋಸಿ, ಉಗುರುಬೆಚ್ಚಗೆ ಕೊಡು ತಂಗಿ. ಬೆಲ್ಲ ಹಾಕಬೇಡ, ಚಿಟಿಕೆ ಉಪ್ಪು ಸಾಕು.